ಅಪ್ಪನ ಮೈ ತೊಳೆದವಳು

ಅಬೆರಿಸ್ಟ್ವಿತ್‌ನ ಗ್ರಂಥಾಲಯದಲ್ಲಿ ಟೆಗ್ವೆನ್ ತನ್ನ ಹೊಸ ಕವಿತೆಗಳನ್ನು ಓದುತ್ತಿದ್ದಳು. ಪಾತ್ರೆ, ಒಗೆತ, ಬಾಣಂತನ, ಮುದುಕರ ಆರೈಕೆ ಇವನ್ನೆಲ್ಲ ವೆಲ್ಷ್ ಭಾಷೆಯ ಕವಿತೆಯೊಳಕ್ಕೆ ಧೈರ್ಯವಾಗಿ ತಂದವಳೆಂದು ಅವಳಿಗೆ ಹೆಸರಿತ್ತು. ಕೊನೆಗೆ ಓದಿದ್ದು ಪಾರ್ಶ್ವವಾಯು ಬಡಿದ ಅಪ್ಪನ ಮೈ ತೊಳೆಯುವ ಕವಿತೆ. ಕುರಿ ಹೊತ್ತು ಗುಡ್ಡ ಇಳಿಯುತ್ತಿದ್ದ ಆ ಬೆನ್ನಿನ ಮಾತು ಬಂದಾಗ ಹಲವರು ಕಣ್ಣೊರೆಸಿಕೊಂಡರು.

ಕವಿತೆಯಲ್ಲಿ ತೊಳೆಯುವವಳು 'ನಾನು'. ಆದರೆ ಟ್ರೆಗಾರನ್ನಿನ ಹಳೇ ಮನೆಯಲ್ಲಿ ಅಪ್ಪನನ್ನು ಎತ್ತಿ ಇಳಿಸಿ ತೊಳೆಯುತ್ತಿದ್ದವಳು ತಂಗಿ ನೆಸ್ಟ್. ಫೋನಿನಲ್ಲಿ ಅವಳು ಹೇಳಿಕೊಂಡಿದ್ದನ್ನೇ ಟೆಗ್ವೆನ್ ಕಾರ್ಡಿಫ್‌ನಲ್ಲಿ ಕೂತು ಬರೆದಿದ್ದಳು. ಕವಿತೆಯ 'ನಾನು' ಬರೆದವಳೇ ಆಗಬೇಕೆಂದೇನಿಲ್ಲ ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡಿದ್ದಳು. ಆ ದಿನ ನೆಸ್ಟ್, ಅಪ್ಪನನ್ನು ನೋಡಿಕೊಳ್ಳಲು ಪಕ್ಕದ ಮನೆಯಾಕೆಯನ್ನು ಒಪ್ಪಿಸಿ, ಒಳ್ಳೆಯ ಕೋಟು ಹಾಕಿಕೊಂಡು ಬಂದು ಎರಡನೇ ಸಾಲಿನಲ್ಲಿ ಕೂತಿದ್ದಳು.

ಕವಿತೆಗೇ ಮುಗಿದಿದ್ದರೆ ಹೇಗೋ ನಡೆಯುತ್ತಿತ್ತು. ಓದು ಮುಗಿದ ಮೇಲೆ ವಯಸ್ಸಾದ ಒಬ್ಬಾಕೆ ಎದ್ದು, ತಾನೂ ಗಂಡನನ್ನು ಹೀಗೇ ನೋಡಿಕೊಂಡವಳೆಂದು ಹೇಳಿ, ಅಷ್ಟು ದೊಡ್ಡಾಳನ್ನು ಎತ್ತುವಾಗ ನಿಮಗೆ ಸೊಂಟ ನೋಯುವುದಿಲ್ಲವೇ ಎಂದು ಕೇಳಿದಳು.

"ನೋಯುತ್ತೆ," ಎಂದಳು ಟೆಗ್ವೆನ್. "ಈಗ ಅಭ್ಯಾಸ ಆಗ್ಬಿಟ್ಟಿದೆ."

ಮಾತು ಬಾಯಿಂದ ಜಾರಿದ್ದು ಅವಳಿಗೇ ಗೊತ್ತಾಯಿತು. ನೆಸ್ಟ್ ತಲೆ ತಗ್ಗಿಸಿ ಕೈಚೀಲದ ಹಿಡಿ ನೋಡುತ್ತಿದ್ದಳು. ಜನ ಚಪ್ಪಾಳೆ ತಟ್ಟಿದರು.

ಆ ರಾತ್ರಿ ಇಬ್ಬರೂ ಹಳೇ ಮನೆಗೆ ಹೊರಟರು; ಕಾರು ನೆಸ್ಟ್ ಓಡಿಸುತ್ತಿದ್ದಳು.

"ಬರ್ದಿದ್ದಕ್ಕೆ ನಂಗೇನೂ ಬೇಜಾರಿಲ್ಲ," ಎಂದಳು ಊರು ದಾಟಿದ ಮೇಲೆ. "ಆದ್ರೆ ನಾನು ಅಲ್ಲೇ ಕೂತಿದ್ದೆ ಕಣಕ್ಕ."

ಮಾರನೇ ಬೆಳಿಗ್ಗೆ ಟೆಗ್ವೆನ್ ಎದ್ದವಳೇ ಬೋಗುಣಿಯಲ್ಲಿ ನೀರು ತುಂಬಿಸಿಕೊಂಡು ಅಪ್ಪನ ಕೋಣೆಗೆ ಹೋದಳು. ಅವಳನ್ನು ಕಂಡದ್ದೇ ಅಪ್ಪ ಸ್ವಾಧೀನವಿದ್ದ ಒಂದು ಕೈಯಿಂದ ಹೊದಿಕೆಯನ್ನು ಎದೆಗೆ ಬಿಗಿಯಾಗಿ ಹಿಡಿದುಕೊಂಡ. ತೊದಲುತ್ತಲೇ, "ನೀನು ಬೇಡ. ನೆಸ್ಟ್‌ನ ಕರಿ," ಎಂದ. ಮನೆಗೆ ಬಂದ ನೆಂಟರ ಮುಂದೆ ಬಟ್ಟೆ ಬಿಚ್ಚಬೇಕಾಗಿ ಬಂದವನ ಹಾಗಿತ್ತು ಅವನ ಮುಖ.

ಮುಂದಿನ ತಿಂಗಳು ಬ್ಯಾಂಗರ್‌ನಲ್ಲಿ ಅದೇ ಕವಿತೆ ಓದುವ ಮೊದಲು ಟೆಗ್ವೆನ್ ಸತ್ಯ ಹೇಳಿಬಿಟ್ಟಳು: ಕವಿತೆಯಲ್ಲಿರುವ ಕೈಗಳು ನನ್ನವಲ್ಲ, ತಂಗಿಯವು, ನಾನು ಒಂದು ದಿನವೂ ತೊಳೆದವಳಲ್ಲ. ಜನ ಎಂದಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಎಂಥ ಪ್ರಾಮಾಣಿಕತೆ ಎಂದು ಒಬ್ಬರು ಬಂದು ಕೈಯನ್ನೂ ಕುಲುಕಿದರು. ಅವಳಿಗೆ ಎಲ್ಲಾದರೂ ಅವಿತುಕೊಳ್ಳೋಣ ಎನಿಸಿತು. ಹೊರಗೆ ಬಂದು ತಂಗಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

"ಅದಕ್ಕೂ ಚಪ್ಪಾಳೆನಾ?" ಎಂದಳು ನೆಸ್ಟ್. ಮತ್ತೆ ಅವಳೇ ಹೇಳಿದಳು, "ಗುರುವಾರ ಸಂಜೆ ಹಾಡೋರ ಗುಂಪಿಗೆ ಸೇರ್ಕೊಬೇಕು ಅಂತಿದೀನಿ. ಆವತ್ತು ಅಪ್ಪನ್ನ ನೋಡ್ಕೊಳ್ಳೋಕೆ ಬರೋಕಾಗುತ್ತಾ?"

ಟೆಗ್ವೆನ್ ಗುರುವಾರ ಹೋದಳು. ಆಮೇಲೂ ಹೋಗುತ್ತಿದ್ದಳು. ಅವಳು ಮೈ ತೊಳೆಯುವಾಗ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕಣ್ಣು ಮುಚ್ಚುತ್ತಿದ್ದ. ಅಂಗಿಯ ಗುಂಡಿ ಹಾಕಿ ಮುಗಿಸುವವರೆಗೆ ಅವಳೂ ಅವನ ಮುಖ ನೋಡುತ್ತಿರಲಿಲ್ಲ. ಚಳಿಗಾಲ ಹತ್ತಿರವಾದ ಮೇಲೆ ಒಂದು ಸಂಜೆ, ಕಣ್ಣು ಮುಚ್ಚಿಕೊಂಡೇ, ನೀರು ಇನ್ನೊಂಚೂರು ಬಿಸಿ ಇರಲಿ ಎಂದ.