ಸಾಮಾನಿನ ಪುಸ್ತಕದಲ್ಲಿ ಇಬ್ಬರು

"ಹೇಲು ಬಾಚಿದೋನಿಗೆ ಯಾವ ಪದಕನಯ್ಯಾ? ಬಕೆಟ್ಟಿಗೆ ನೇತುಹಾಕ್ಕೊಳ್ತೀಯಾ?"

ಕಿಟಕಿಯ ಆಚೆ ಕೂತ ಗುಮಾಸ್ತ ಹೀಗೆ ಕೇಳಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರೂ ನನ್ನ ಹಾಗೆ ಸೈನ್ಯದಿಂದ ಬಿಡುಗಡೆಯಾದವರೇ, ದಾಖಲೆ ತಿದ್ದಿಸಿಕೊಳ್ಳಲು ಬಂದವರೇ. ಒಬ್ಬನದು ಹುಟ್ಟಿದ ತಾರೀಖು ತಪ್ಪಿತ್ತು, ಇನ್ನೊಬ್ಬನದು ಹೆಂಡತಿಯ ಹೆಸರು. ಅವರಿಗೆಲ್ಲ "ಬನ್ನಿ, ಕೂತ್ಕೊಳ್ಳಿ" ಆಗಿತ್ತು. ನನ್ನ ಸರದಿ ಬಂದಾಗ ಅವನು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ.

ಇದು ನನ್ನ ಒಂಬತ್ತನೆಯ ಸಲ. ನನಗೆ ಕಾಯುವುದು ಅಭ್ಯಾಸ. ಸೊಸೆಗೆ ಅಭ್ಯಾಸವಿರಲಿಲ್ಲ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವವಳು. ಅರ್ಧ ದಿನ ರಜೆ ಹಾಕಿ ಬಂದಿದ್ದಳು, ಕೈಯಿಂದ ಬ್ಲೀಚಿಂಗ್ ಪುಡಿಯ ವಾಸನೆ ಇನ್ನೂ ಬಿಟ್ಟಿರಲಿಲ್ಲ.

"ಬಾಯಿ ತೊಳ್ಕೊಂಡು ಮಾತಾಡ್ರೀ," ಎಂದಳು. "ನೀವೇನು ಹೇಲೋದೇ ಇಲ್ವಾ? ಅದನ್ನ ಬಾಚೋರಿಲ್ದೆ ನಿಮ್ ಯುದ್ಧ ನಡೀತಿತ್ತಾ?"

"ಯಾರಯ್ಯ ಈ ಗಯ್ಯಾಳಿ?"

"ನನ್ನ ಸೊಸೆ ಸ್ವಾಮಿ. ಬೆಟ್ಟದ ಮೇಲೆ ಸತ್ತನಲ್ಲ ನನ್ನ ಜೊತೆಗಾರ, ಅವನ ಮಗಳು."

"ಸತ್ತೋನಾ?" ಗುಮಾಸ್ತ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. "ಇಲ್ಲಿ ಸತ್ತೋರು ಯಾರೂ ಇಲ್ವಲ್ಲ. ಒಬ್ಬ ಜಾಡಮಾಲಿ ಕೆಳಗಿನ ಶಿಬಿರದಿಂದ ಓಡಿಹೋದ. ಇನ್ನೊಬ್ಬ ಅದೇ ಶಿಬಿರದಲ್ಲಿ ಕುಡಿದು ಬಿದ್ದು ಎರಡು ಬೆರಳು ಕಳ್ಕೊಂಡ. ಆ ಕುಡುಕ ನೀನು."

ಮೂವತ್ತೆಂಟು ವರ್ಷ ಆ ಎರಡು ಸಾಲು ನಮ್ಮ ಮನೆಯಲ್ಲಿ ನಮ್ಮ ಜೊತೆಗೇ ಉಂಡಿವೆ, ಮಲಗಿವೆ. ಓಡಿಹೋದವನ ಮಗಳೆಂದು ಇವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನಾನೇ ನನ್ನ ಮಗನಿಗೆ ತಂದುಕೊಂಡೆ. ಹಾಗಾಗಿ ಜೊತೆಗಾರ ಸತ್ತ ಎಷ್ಟೋ ವರ್ಷಕ್ಕೆ ನನಗೆ ಬೀಗನಾದ.

ಆ ಯುದ್ಧದಲ್ಲಿ ಬೆಟ್ಟದ ನೆತ್ತಿಯ ಎತ್ತರದ ಠಾಣೆಯಲ್ಲಿ ಮೂವತ್ತು ದಿನ ಕಳೆದವರಿಗೆಲ್ಲ ಬೆಟ್ಟದ ಪದಕ ಕೊಟ್ಟಿದ್ದರು. ಗಾಯವಾದವನಿಗೆ ಗಾಯದ ಪದಕ ಬೇರೆ. ಅಡುಗೆಯವನಿಗೂ ಸಿಕ್ಕಿತು, ಕ್ಷೌರದವನಿಗೂ ಸಿಕ್ಕಿತು. ನಮ್ಮಿಬ್ಬರ ದಾಖಲೆಯಲ್ಲಿ ಅವುಗಳನ್ನು ಬರೆದರೆ ಬೀಗ ಓಡಿಹೋದ ಅನ್ನುವ ಸಾಲು ತಾನಾಗಿ ಬಿದ್ದುಹೋಗುತ್ತದೆ. ನಾವು ಕೇಳಿದ್ದು ಅಷ್ಟೇ.

"ಠಾಣೆಯ ಹಾಜರಿ ಪುಸ್ತಕದಲ್ಲಿ ನಿಮ್ಮಿಬ್ರ ಹೆಸರೇ ಇಲ್ಲ. ಮುಗೀತು. ಮುಂದಿನೋರು ಬನ್ರೀ!"

"ಹಾಜರಿಯಲ್ಲಿ ಇರೋದಿಲ್ಲ ಸ್ವಾಮಿ," ಎಂದೆ. "ಸಾಮಾನಿನ ಪುಸ್ತಕ ನೋಡಿ."

ಇದನ್ನು ಹೇಳಲು ಎಂಟು ಸಲವೂ ನಾಚಿಕೆಯಾಗಿ ಸುಮ್ಮನೆ ಹಿಂದಕ್ಕೆ ಹೋಗಿದ್ದೆ. ಎತ್ತರದ ಠಾಣೆಗೆ ಜಾಡಮಾಲಿಗಳನ್ನು ಒಯ್ಯಲು ಮಂಜೂರಾತಿ ಇರಲಿಲ್ಲ. ಆದರೆ ಕ್ಯಾಪ್ಟನ್ನರಿಗೆ ಕಕ್ಕಸು ಚೊಕ್ಕಟವಾಗಿರಬೇಕಿತ್ತು. ಇವರನ್ನು ಬಕೆಟ್ಟುಗಳ ಜೊತೆ ಸಾಮಾನಿಗೆ ಸೇರಿಸಿಬಿಡೋಣ ಎಂದು ಕೆಳಗಿನ ಶಿಬಿರದ ಉಗ್ರಾಣದವನು ದಾರಿ ತೋರಿಸಿದ. ಸಿಪಾಯಿಗಳು ಮೂರು ದಿನ ನಡೆದು ಹತ್ತಬೇಕು, ಸಾಮಾನು ಹೇಸರಗತ್ತೆಯ ಮೇಲೆ ಹೋಗುತ್ತದೆ. ಅದು ತಿಳಿದದ್ದೇ ತಡ, ಬೀಗನಿಗೆ ಖುಷಿಯೋ ಖುಷಿ. "ಒತ್ತೋ ಹೆಬ್ಬೆಟ್ಟು, ಕಾಲು ಉಳೀತು!" ಎಂದ. ಇಬ್ಬರೂ ಒತ್ತಿದೆವು. ದಾರಿಯುದ್ದಕ್ಕೂ ಅವನು ಕತ್ತೆಯ ಮೇಲೆ ಕೂತು, ಏದುಸಿರು ಬಿಡುವ ಸಿಪಾಯಿಗಳಿಗೆ "ಸಾಮಾನು ಜೋಪಾನ ಕಣ್ರಪ್ಪೋ, ಒಡೆದೀತು!" ಎಂದು ಕೂಗುತ್ತಿದ್ದ. ಅವರೂ ನಗುತ್ತಿದ್ದರು. ಕೆಳಗಿನ ಶಿಬಿರದ ಹಾಜರಿಯಲ್ಲಿ ನಮ್ಮ ಹೆಸರು ಹಾಗೇ ಉಳಿಯಿತು. ಅದು ನಮಗೆ ಹೊಳೆಯಲೇ ಇಲ್ಲ. ಮೇಲೆ ಸತ್ತವನು ಆ ಹಾಜರಿಯ ಪ್ರಕಾರ ಓಡಿಹೋದವನಾದ, ಬೆರಳು ಕಳೆದುಕೊಂಡ ನಾನು ಕುಡುಕನಾದೆ.

ಗುಮಾಸ್ತ ತಮಾಷೆಗೆಂದೇ ಪುಸ್ತಕ ತರಿಸಿದ. ಪಕ್ಕದ ಉಗ್ರಾಣದಿಂದ ಅದನ್ನು ಹೊತ್ತು ತಂದವನು ಉಗ್ರಾಣಿ. ಅವನೂ ಹಳೆಯ ಸಿಪಾಯಿ, ಒಂದು ಕಾಲು ಮರದ್ದು. ಧೂಳು ಕೊಡವಿ ಗುಮಾಸ್ತನ ಮುಂದೆ ಇಟ್ಟ. ಗುಮಾಸ್ತ ಸಾಲಿನವರಿಗೆಲ್ಲ ಕೇಳುವಂತೆ ಓದಿದ.

"ಬಕೆಟ್ ಆರು. ಸಲಿಕೆ ನಾಲ್ಕು. ಪೊರಕೆ ಹನ್ನೆರಡು. ಜಾಡಮಾಲಿ ಎರಡು! ಅಯ್ಯೋ ದೇವ್ರೇ, ಪೊರಕೆ ಆದ್ಮೇಲೆ ಬಂದಿದಾರಲ್ಲಪ್ಪ!"

ಹಿಂದಿನಿಂದ ಒಬ್ಬ ಸಿಳ್ಳೆ ಹಾಕಿದ. ಗುಮಾಸ್ತ ಹುಮ್ಮಸ್ಸಿನಲ್ಲಿ ಇನ್ನಷ್ಟು ಹಾಳೆ ತಿರುವಿದ. "ಮೂವತ್ನಾಲ್ಕನೇ ದಿನ. ಕಕ್ಕಸಿನ ಮೇಲೆ ಶೆಲ್ ಬಿದ್ದು ನಷ್ಟ: ಬಕೆಟ್ ಮೂರು, ಜಾಡಮಾಲಿ ಒಂದು. ಜಖಂ: ಸಲಿಕೆ ಒಂದು, ಜಾಡಮಾಲಿ..."

ಅಲ್ಲಿಗೆ ನಿಲ್ಲಿಸಿದ.

"ಇನ್ನೊಂದ್ಸಲ ಓದಿ," ಎಂದಳು ಸೊಸೆ.

ಅವನು ಓದಲಿಲ್ಲ. ಉಗ್ರಾಣಿಯೇ ಬಗ್ಗಿ ಓದಿದ, ಮೆಲ್ಲಗೆ. ಇವಳು ಕಿಟಕಿಯ ಸರಳು ಹಿಡಿದುಕೊಂಡು ಕೇಳಿದಳು. ಅಪ್ಪ ಸತ್ತಾಗ ಇವಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

ಗದ್ದಲಕ್ಕೆ ಒಳಕೋಣೆಯಿಂದ ಸಾಹೇಬರು ಬಂದರು. ಗುಮಾಸ್ತ ತೋರಿಸಿದ್ದನ್ನು ನಿಂತುಕೊಂಡೇ ನೋಡಿದರು.

"ನಿಯಮ ನಿಯಮಾನೇ. ಪದಕ ಕೊಡೋದು ಮನುಷ್ಯರಿಗೆ. ಸಾಮಾನಿನ ಪುಸ್ತಕ ಮನುಷ್ಯರ ವಿಷಯಕ್ಕೆ ಸಾಕ್ಷಿ ಆಗಲ್ಲ. ಅರ್ಜಿ ವಜಾ ಅಂತ ಬರಿ."

"ಹಂಗಾದ್ರೆ ನಾನು ಸಾಮಾನಾ ಸಾಹೇಬ್ರೇ?"

"ಪುಸ್ತಕದ ಪ್ರಕಾರ ಹೌದು. ಹೆಬ್ಬೆಟ್ಟು ನಿಂದೇ ತಾನೆ?"

"ನಂದೇ. ಸಾಮಾನು ವಾಪಸ್ ಜಮಾ ಆಯ್ತಾ, ನೋಡಿ ಹೇಳಿ."

ಉಗ್ರಾಣಿ ಹಾಳೆಯ ಕೊನೆಯವರೆಗೂ ಬೆರಳು ಓಡಿಸಿದ. "ಬಕೆಟ್ ಜಮಾ ಆಗಿದೆ. ಸಲಿಕೆ ಆಗಿದೆ. ಜಾಡಮಾಲಿ ಮುಂದೆ ಖಾಲಿ."

ಖಾಲಿಯೇ ಇರಬೇಕು. ನನ್ನನ್ನು ಜೋಲಿಯಲ್ಲಿ ಕಟ್ಟಿ ನೇರ ಶಿಬಿರದ ಆಸ್ಪತ್ರೆಗೆ ಇಳಿಸಿದ್ದರು.

"ಹಂಗಾದ್ರೆ ಈಗ ಜಮಾ ಮಾಡ್ಕೊಳ್ಳಿ," ಎಂದೆ. "ರಸೀದಿ ಕೊಡಿ."

ಯಾರಿಗೂ ಅರ್ಥವಾಗಲಿಲ್ಲ. ನಾನು ಉಗ್ರಾಣದ ಕಡೆ ಹೋದೆ. ಅಲ್ಲಿ ವಾಪಸ್ಸಾದ ಕಂಬಳಿ, ಬೂಟು ಇಡುವ ಉದ್ದನೆಯ ಕಟ್ಟೆ ಇದೆ. ಚಪ್ಪಲಿ ಬಿಟ್ಟು, ಸೊಸೆಯ ಭುಜ ಹಿಡಿದು ಹತ್ತಿ, ಕಂಬಳಿಗಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ.

"ಇಳಿಯೋ ಮುದಿಯಾ! ನಾಟಕ ಆಡ್ತೀಯಾ?" ಗುಮಾಸ್ತ ಓಡಿ ಬಂದ. "ಸಾಹೇಬ್ರೇ, ಕಾವಲಿನೋರನ್ನ ಕರೀಲಾ?"

ಅಷ್ಟರಲ್ಲಿ ಉಗ್ರಾಣಿ ಪುಸ್ತಕ ಹೊತ್ತುಕೊಂಡು ಮರದ ಕಾಲು ಟಕಟಕ ಎನ್ನಿಸುತ್ತ ತನ್ನ ಜಾಗಕ್ಕೆ ಬಂದಿದ್ದ. ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದ.

"ಏನ್ ಮಾಡ್ತಿದೀಯಾ? ಬರೀಬೇಡ!" ಎಂದರು ಸಾಹೇಬರು.

"ವಾಪಸ್ ಬಂದ ಸಾಮಾನನ್ನ ಒಲ್ಲೆ ಅನ್ನೋ ಹಾಗಿಲ್ಲ ಸಾಹೇಬ್ರೇ. ಅದೂ ನಿಯಮಾನೇ." ಅವನು ನನ್ನ ಮುಖ ನೋಡಲಿಲ್ಲ. "ಸ್ಥಿತಿ ಏನಂತ ಬರೀಲಿ?"

ಸೊಸೆ ನನ್ನ ಎಡಗೈ ಎಳೆದು ಪುಸ್ತಕದ ಮೇಲೆ ಅಗಲವಾಗಿ ಇಟ್ಟಳು, ಮೂರು ಬೆರಳಿನ ಕೈ.

"ಜಖಂ ಅಂತ ಬರೀರಿ. ಎತ್ತರದ ಠಾಣೇಲಿ, ಮೂವತ್ನಾಲ್ಕನೇ ದಿನ, ಶೆಲ್ ಬಿದ್ದು. ಕುಡಿದು ಅಲ್ಲ. ಹೆಸರು ಹಾಕಿ. ನಷ್ಟ ಆಯ್ತಲ್ಲ, ಅದರ ಮುಂದೆ ನಮ್ಮಪ್ಪನ ಹೆಸರು ಹಾಕಿ. ಹೇಳ್ತೀನಿ, ಬರ್ಕೊಳ್ಳಿ."

ಉಗ್ರಾಣಿ ಬರೆದ. ನನ್ನ ಹೆಸರು ಮುಗಿಸಿ ಬೀಗನ ಹೆಸರಿನ ಮೊದಲ ಅಕ್ಷರ ಎಳೆಯುತ್ತಿದ್ದ. ಸಾಹೇಬರು ಮುನ್ನುಗ್ಗಿ ಪುಸ್ತಕದ ಮೇಲಿನ ಅಂಚು ಹಿಡಿದು ಎಳೆದರು. ಕೆಳಗಿನ ಅಂಚನ್ನು ಇವಳು ಎರಡೂ ಕೈಯಲ್ಲಿ ಹಿಡಿದಳು. ದಿನಕ್ಕೆ ಇನ್ನೂರು ಹಾಸುಬಟ್ಟೆ ಹಿಂಡುವ ಕೈ ಅವು.

"ಬಿಡೇ ಬೋಸುಡಿ! ಸರ್ಕಾರದ ದಾಖಲೆ ಅದು!"

"ನಮ್ಮಪ್ಪ ಕಣೋ ಇದು!"

ಸಾಲಿನವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಈಗ ಯಾರೂ ನಗುತ್ತಿರಲಿಲ್ಲ. ಯಾರೂ ಒಳಗೂ ಬರಲಿಲ್ಲ. ಪುಸ್ತಕದ ಹಳೆಯ ಹೊಲಿಗೆ ನನ್ನ ಮೊಣಕಾಲಿನ ಹತ್ತಿರ ಒಂದೊಂದೇ ಎಳೆ ಕಿತ್ತುಕೊಂಡು ಬರುತ್ತಿತ್ತು.