ರಂಜನಿಗೆ ಲಾಗಿನ್ ಕೊಟ್ಟ ದಿನ

ವಡಪಳನಿಯ ಆ ಆಫೀಸಿನಲ್ಲಿ ಏಸಿ ಇದ್ದದ್ದು ಪರ್ಮನೆಂಟ್ ಜನರ ಕಡೆಗೆ. ಕಾಂಟ್ರಾಕ್ಟ್‌ನವರ ಬೆಂಚು ಲಿಫ್ಟಿನ ಪಕ್ಕ. ಅಲ್ಲಿ ಫ್ಯಾನು ತಿರುಗಿದರೆ ಬಿಸಿಗಾಳಿ, ನಿಂತರೆ ಬೆವರು. ನೀರಿನ ಕ್ಯಾನು ಖಾಲಿಯಾದರೆ ಹೊತ್ತು ತರುವವರೂ ಅವರೇ.

ರಂಜನಿ ಕೀಲ್ಪಾಕ್‌ನಿಂದ ಬಸ್ಸಿನಲ್ಲಿ ನಿಂತೇ ಬಂದು ಆ ಬೆಂಚಿನಲ್ಲಿ ಕೋಡ್ ಬರೆಯುತ್ತಿದ್ದಳು. ಬೆಂಚಿನ ಯಾರಿಗೂ ಸ್ವಂತ ಲಾಗಿನ್ ಇರಲಿಲ್ಲ. ಎಲ್ಲರೂ ಮ್ಯಾನೇಜರ್ ಕಮಲಾಕರನ ಲಾಗಿನ್‌ನಲ್ಲೇ ದುಡಿಯಬೇಕು. ಬರೆದ ಸಾಲಿನ ಮೇಲೆಲ್ಲ ಅವನ ಹೆಸರೇ. ವರ್ಷದ ಕೊನೆಗೆ ಶಾಲು, ಹಾರ, ಚಪ್ಪಾಳೆಯೂ ಅವನಿಗೇ.

ಈ ಸಲದ್ದು ಒಂದು ಆಸ್ಪತ್ರೆಯ ಆ್ಯಪ್. ಡಯಾಲಿಸಿಸ್ ರೋಗಿಗಳಿಗೆ ಯಾವ ದಿನ ಬರಬೇಕೆಂದು ಹೇಳುವುದು ಅದರ ಕೆಲಸ. ಜಾವಾಸ್ಕ್ರಿಪ್ಟ್ ಎಂಬ ಕೋಡ್ ಭಾಷೆಯಲ್ಲಿ ಕೈಯಾರೆ ಬರೆಯುವುದು ಹಿಡಿಯಷ್ಟು, ಉಳಿದದ್ದು ಯಾರೋ ಬರೆದಿಟ್ಟ ಪ್ಯಾಕೇಜುಗಳು. ಒಂದಕ್ಕೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಇಲ್ಲಿ ಕ್ಯಾಲೆಂಡರ್ ಪ್ಯಾಕೇಜಿಗೆ ತಾರೀಖಿನ ಪ್ಯಾಕೇಜಿನ ಹಳೇ ಆವೃತ್ತಿಯೇ ಆಗಬೇಕು, ಫಾರ್ಮ್ ಪ್ಯಾಕೇಜಿಗೆ ಹೊಸದೇ ಆಗಬೇಕು. ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ, ಒಬ್ಬರು ಕೂತ ಪಂಕ್ತಿಯಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಇನ್‌ಸ್ಟಾಲ್ ಕೊಟ್ಟಾಗಲೆಲ್ಲ ಕೆಂಪು ಅಕ್ಷರ ಉಗುಳಿ ಕೆಲಸ ನಿಂತುಬಿಡುತ್ತಿತ್ತು.

"ಸಾರ್, ಕ್ಯಾಲೆಂಡರನ್ನೇ ಬದಲಾಯಿಸ್ಬೇಕು. ಒಂದು ವಾರ ಕೊಡಿ," ಎಂದಳು ರಂಜನಿ.

"ವಾರಾನಾ? ಕ್ಲೈಂಟ್‌ಗೆ ಇವತ್ತೇ ಅಂತ ಹೇಳಾಗಿದೆ. ಫೋರ್ಸ್ ಹಾಕಿ ಹೊಡಿ."

ಫೋರ್ಸ್ ಎಂದರೆ, ಜಗಳ ಏನೇ ಇರಲಿ, ಎರಡನ್ನೂ ಒಳಗೆ ತುರುಕು ಎನ್ನುವ ಆಜ್ಞೆ.

"ತಾರೀಖು ಆಚೀಚೆ ಆಗ್ಬಹುದು ಸಾರ್. ರೋಗಿಗಳು..."

ಕಮಲಾಕರ ಕುರ್ಚಿ ಎಳೆದುಕೊಂಡು ಕೂತ. ನಾಲ್ಕು ಜನರ ಮುಂದೆ ಅವನದು ಇಂಗ್ಲಿಷು, ತಮಿಳು. ಕನ್ನಡ ಹೊರಗೆ ಬರುತ್ತಿದ್ದದ್ದು ಏನಾದರೂ ಬೇಕಾದಾಗ ಮಾತ್ರ.

"ನೋಡಮ್ಮ, ನಾವು ನಾವು ಕನ್ನಡದೋರು. ಎಷ್ಟು ದಿನ ನನ್ನ ಹೆಸರಲ್ಲಿ ದುಡೀತೀಯ? ನಿನಗೇ ಅಂತ ಲಾಗಿನ್ ಕೊಡ್ಸಿದೀನಿ. ಇದನ್ನ ನಿನ್ನ ಹೆಸರಲ್ಲೇ ಕಳ್ಸು. ಪರ್ಮನೆಂಟ್ ಮಾಡೋವಾಗ ಇದನ್ನೇ ತೋರಿಸ್ತೀನಿ."

ಪಾಪ, ಹುಡುಗಿ ಹಿಗ್ಗಿಬಿಟ್ಟಳು. ಅವಳು ಆಸೆಪಟ್ಟಿದ್ದು ಅರಮನೆಗಲ್ಲ, ಮಾಡಿದ ಕೆಲಸದ ಮೇಲೆ ತನ್ನ ಹೆಸರಿರಲಿ ಎಂದಷ್ಟೇ. ಫೋರ್ಸ್ ಹೊಡೆದಳು. ಸ್ಕ್ರೀನಿನ ಮೇಲೆ ಮೊದಲ ಸಲ 'ರಂಜನಿ' ಎಂದು ಮೂಡಿತು. ಫೋಟೋ ತೆಗೆದು ತಾಯಿ ಭೀಮಾಬಾಯಿಗೆ ಕಳಿಸಿದಳು.

"ನಿನ್ನ ಹೆಸರು ಬಂತಲ್ಲ ರಂಜೂ! ನಿಮ್ಮಪ್ಪ ಇದ್ದಿದ್ರ ರೈಲ್ವೇ ಕಾಲನಿಗೆಲ್ಲ ಹೇಳ್ಕೊಂಡು ಬರ್ತಿದ್ರು. ಬರೋವಾಗ ಮುರುಗನ್ ಗುಡಿಯೊಳಗ ಒಂದು ಕಾಯಿ ಒಡಸಿ ಬಾ," ಎಂದಳು ಭೀಮಾಬಾಯಿ ಫೋನಿನಲ್ಲಿ.

ಕಾಯಿಯೇನೋ ಒಡೆಯಿತು. ಆ್ಯಪ್ ಮಾತ್ರ ಪ್ರತಿ ತಾರೀಖನ್ನೂ ಒಂದು ದಿನ ಮುಂದೆ ತೋರಿಸತೊಡಗಿತು. ಸೋಮವಾರದವರು ಮಂಗಳವಾರ ಬಂದರು. ಬಂದರೆ ಮಂಚ ಖಾಲಿ ಇಲ್ಲ. ಹುಚ್ಚಮ್ಮ ಎಂಬ ಮುದುಕಿ ಊದಿದ ಕಾಲು ಚಾಚಿಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೇ ಏದುಸಿರು ಬಿಟ್ಟಳು. ಸಂಜೆಗೆ ಐಸಿಯು ಸೇರಿದಳು.

ಮರುದಿನ ಆಸ್ಪತ್ರೆಯವರು ಹುಚ್ಚಮ್ಮನ ಸ್ಥಿತಿ ಹೇಳಿ ಫೋನಿನಲ್ಲಿ ಉರಿದುಬಿದ್ದದ್ದು ಬೆಂಚಿನವರಿಗೂ ಕೇಳಿಸಿತು. ಕಮಲಾಕರ ಬೆಂಚಿನ ಎದುರೇ ನಿಂತು, ಮೆತ್ತಗಿನ ಇಂಗ್ಲಿಷಿನಲ್ಲಿ ಹೇಳಿದ: ತಪ್ಪು ಒಬ್ಬ ಕಾಂಟ್ರಾಕ್ಟ್ ಹುಡುಗಿಯದು, ಅವಳ ಹೆಸರೇ ಇದೆ, ಅವಳನ್ನು ತೆಗೆದಾಗಿದೆ. ಕೋತಿ ತಾನು ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿದ್ದು ಹೀಗೆ.

ಫೋನಿಟ್ಟು ರಂಜನಿಯ ಕಡೆ ತಿರುಗಿದ. ಕನ್ನಡದ ನಂಟು ಮುಗಿದಿತ್ತು. "ನಾಳೈಲಿರುಂದು ವರ ವೇಂಡಾಂ," ಎಂದ. ನಾಳೆಯಿಂದ ಬರಬೇಡ.

ರಂಜನಿ ಎದ್ದಳು, ಆದರೆ ಬಾಗಿಲ ಕಡೆ ಹೋಗಲಿಲ್ಲ.

ಕಮಲಾಕರ ಆಗಲೇ ಪಕ್ಕದ ಸಂದೇಶನ ಹೆಗಲ ಮೇಲೆ ಕೈಯಿಟ್ಟಿದ್ದ. "ಸಂದೇಶ್, ಬೇರೆ ಆವೃತ್ತಿ ಹಾಕಿ ಮತ್ತೆ ಫೋರ್ಸ್ ಹೊಡಿ. ಊಟದ ಹೊತ್ತಿನೊಳಗೆ ಕ್ಲೈಂಟ್‌ಗೆ ಹೋಗ್ಬೇಕು. ಖುಷಿ ವಿಷಯ, ನಿನ್ನ ಹೆಸರಲ್ಲೇ ಲಾಗಿನ್ ಬಂದಿದೆ."

ಸಂದೇಶ ಆಜ್ಞೆ ಟೈಪ್ ಮಾಡಿದ. ಎಂಟರ್ ಒತ್ತುವುದೊಂದೇ ಬಾಕಿ.

"ಸಂದೇಶ್, ನನಗೂ ಇದೇ ಮಾತು ಹೇಳಿದ್ರು," ಎಂದಳು ರಂಜನಿ. "ಹೇಳಿದ್ದು ನಂಬಿ ನಾನು ಹೊಡ್ದೆ. ಅದು ನನ್ನ ತಪ್ಪೇ. ಅಲ್ಲಿ ಹುಚ್ಚಮ್ಮ ಉಸಿರಿಗೆ ಒದ್ದಾಡ್ತಿದಾರೆ. ಆ್ಯಪ್ ನಿಲ್ಸೋಣ. ರೋಗಿಗಳಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಸರಿಯಾದ ದಿನ ಹೇಳೋಣ."

ಸಂದೇಶ ಕೀಬೋರ್ಡಿನಿಂದ ಕೈ ತೆಗೆದ.

"ಸಾರ್, ಇಷ್ಟು ದಿನ ಎಲ್ಲಾ ನಿಮ್ಮ ಹೆಸರಲ್ಲೇ ಹೋಯ್ತಲ್ಲ. ಇದೂ ಹಾಗೇ ಹೋಗ್ಲಿ."

"ನೀನೂ ಮನೆಗೆ ಹೋಗ್ತೀಯ!"

"ಹೋಗ್ತೀನಿ ಸಾರ್."

ಬೆಂಚಿನ ಕೊನೆಯಲ್ಲಿದ್ದ ಮೌನ ಎಂಬ ಹುಡುಗಿ ಕೀಬೋರ್ಡ್ ದೂರ ತಳ್ಳಿ, ಆಸ್ಪತ್ರೆಗೆ ಫೋನ್ ಹಚ್ಚಿದಳು. ಬೆಂಚಿನ ಉಳಿದವರೂ ಒಬ್ಬೊಬ್ಬರಾಗಿ ಕೀಬೋರ್ಡ್ ಬಿಟ್ಟರು. ಪರ್ಮನೆಂಟ್ ಜನ ಗಾಜಿನಾಚೆ ಎದ್ದು ನಿಂತು ನೋಡಿದರು.

ಸಂದೇಶ ತನ್ನ ಲಾಗಿನ್ ತೆಗೆದು ಕಮಲಾಕರನ ಹಳೇ ಲಾಗಿನ್ ಹಾಕಿದ. ರಂಜನಿ ಕುರ್ಚಿ ಎಳೆದು ಕೊಟ್ಟಳು.

"ಕೂತ್ಕೊಳ್ಳಿ ಸಾರ್. ಏನೂ ಆಗಲ್ಲ ಅಂದ್ರೆ ನೀವೇ ಹೊಡೀರಿ."

ಕಮಲಾಕರ ಕೂತ. ಅದೇ ಆಜ್ಞೆ ಕಾದಿತ್ತು. ಮೇಲೆ ಅವನದೇ ಹೆಸರು. ಅವನ ಬೆರಳು ಎಂಟರ್ ತನಕ ಹೋಯಿತು. ಒತ್ತಲಿಲ್ಲ.