ಬಾಗಿಲ ಬಳಿಯ ಎರಡು ಗಂಟು

ಆ ಮುಂಜಾನೆ ನದಿಯ ಕಡೆಯಿಂದ ಎದ್ದ ಮಂಜು ಪುಣೆಯ ಖರಾಡಿಯ ಗಾಜಿನ ಕಟ್ಟಡಗಳನ್ನು ಸೊಂಟದವರೆಗೆ ಮುಚ್ಚಿತ್ತು. ಕೆಳಗೆ ತಗಡಿನ ಮನೆಗಳ ಸಾಲಿನಲ್ಲಿ ಹುಲಿಗೆಪ್ಪ ಮೂರು ಕಲ್ಲಿನ ಒಲೆಯನ್ನು ಊದುತ್ತ ಕೂತಿದ್ದ. ಇಬ್ಬನಿಗೆ ನೆನೆದ ಹಲಗೆಯ ತುಂಡುಗಳು ಹೊಗೆಯನ್ನಷ್ಟೇ ಕೊಡುತ್ತಿದ್ದವು. ಹೆಂಡತಿ ಮಾನಮ್ಮನ ಕೊನೆಯ ಸ್ನಾನಕ್ಕೆ ಹಂಡೆಯ ನೀರು ಕಾಯಬೇಕಿತ್ತು.

"ಥಂಡಿ ನೀರು ಹಾಕಬ್ಯಾಡ್ರಿ. ಆಕಿಗೆ ಆಗಿಬರೂದಿಲ್ಲ" ಎಂದ, ಯಾರ ಮುಖವನ್ನೂ ನೋಡದೆ.

ಹಿಂದಿನ ಸಂಜೆ ಎದೆ ಹಿಡಿದುಕೊಂಡು ಕೂತವಳು ಹಾಗೆಯೇ ಗೋಡೆಗೆ ಒರಗಿದ್ದಳು. ವಯಸ್ಸು ಐವತ್ತು ದಾಟಿರಲಿಲ್ಲ. ಗಂಡನಿರುವಾಗಲೇ ಹೋದ ಮುತ್ತೈದೆ. ತವರಿನ ಅರಿವೆ ಮೈಮೇಲೆ ಬೀಳದೆ ಅವಳನ್ನು ಹೊಸ್ತಿಲು ದಾಟಿಸುವಂತಿರಲಿಲ್ಲ. ತಮ್ಮ ಭೀಮು ಹಸಿರು ಸೀರೆ ಹಿಡಿದು ಊರಿನಿಂದ ಬಸ್ಸು ಹತ್ತಿದ್ದಾನೆಂದು ಎಲ್ಲರೂ ಸಮಾಧಾನದಲ್ಲಿದ್ದರು.

ಒಂಬತ್ತಕ್ಕೆ ಅವನ ಫೋನು ಬಂತು. ಇಂದಾಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರು ಹೆದ್ದಾರಿಗೆ ಅಡ್ಡವಾಗಿ ಉರುಳಿದೆಯಂತೆ. ಹಿಂದೆ ಮುಂದೆ ಗಾಡಿಗಳೇ. ಸಂಜೆಯೊಳಗೆ ಮುಟ್ಟಿದರೆ ದೊಡ್ಡದು. ಸ್ಮಶಾನದಲ್ಲಿ ಕುಣಿ ತೋಡಿಯಾಗಿತ್ತು. ಹನ್ನೆರಡರ ಮೇಲೆ ಆ ಜಾಗ ಬೇರೆಯವರಿಗೆ ಎಂದು ಅಲ್ಲಿನವನು ಮರಾಠಿಯಲ್ಲಿ ಎರಡೆರಡು ಸಲ ಹೇಳಿ ಕಳಿಸಿದ್ದ.

ಶಾಸ್ತ್ರ ಗೊತ್ತಿದ್ದ ನೆರೆಮನೆಯ ಮುದುಕಿ ರುಕ್ಮಿಣಮ್ಮ ಹತ್ತಿರ ಬಂದು ಕೂತಳು.

"ತವರಂದ್ರ ಬರೇ ತಮ್ಮ ಅಲ್ಲಪಾ. ಆ ಊರಿನ ಹೆಣ್ಣಮಗಳು ಯಾರರೆ ಒಂದು ಸೀರಿ ಹೊಚ್ಚಿದ್ರೂ ನಡೀತದ."

ಆ ಊರಿನ ಹೆಣ್ಣುಮಗಳು ಪುಣೆಯಲ್ಲಿ ಇದ್ದದ್ದು ಒಬ್ಬಳೇ. ಹೆಸರನ್ನು ಯಾರೂ ಎತ್ತಲಿಲ್ಲ.

"ಆಕೀ ಕೈಲಿಂದ ಬ್ಯಾಡ ಆಯಿ" ಎಂದ ಹುಲಿಗೆಪ್ಪ. "ತವರಿಲ್ಲದಾಕಿ ಹಂಗ ಹೋದ್ರೂ ಹೋಗ್ಲಿ."

*

ಹದಿನಾಲ್ಕು ವರ್ಷ ಮಾನಮ್ಮ ವಿಮಾನ ನಗರದ ಒಂದೇ ಆಫೀಸನ್ನು ಗುತ್ತಿಗೆದಾರನ ಕೈಕೆಳಗೆ ಗುಡಿಸಿ ಒರೆಸಿದ್ದಳು. ಆ ಗುತ್ತಿಗೆ ಮುಗಿಯುತ್ತದೆಂದು ತಿಳಿದ ದಿನ, ಇದನ್ನು ನಾವೇ ಯಾಕೆ ಹಿಡಿಯಬಾರದು ಎಂಬ ಮಾತು ಅವಳ ಬಾಯಿಂದಲೇ ಬಂದಿತ್ತು. ಕೇಳಿಸಿಕೊಂಡವಳು ಸುಮಂಗಲಾ. ತವರಿನ ಓಣಿಯವಳು, ಅಕ್ಕ ಅಕ್ಕ ಎಂದು ಹಿಂದೆ ತಿರುಗಿದವಳು, ಏಳನೆಯ ತರಗತಿಯವರೆಗೆ ಓದಿದವಳು.

ಮಾನಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಕೌದಿ ಹೊಲಿಯಲು ಬರುತ್ತಿತ್ತು. ತವರಿನಿಂದ ತಂದಿಟ್ಟುಕೊಂಡಿದ್ದ ಅಪ್ಪನ ಹಳೆಯ ಧೋತರವನ್ನು ಮಡಚಿ ಅದರ ಮೇಲೆ ಆಫೀಸಿನ ನಾಲ್ಕನೇ ಮಹಡಿಯನ್ನೇ ಹೊಲಿದಳು. ಮೇಜುಗಳಿಗೆ ನೀಲಿ ದಾರ, ಸಂಡಾಸಿಗೆ ಕಪ್ಪು, ಬಕೀಟಿನ ನೀರು ಬದಲಿಸುವ ಕಡೆಗೆಲ್ಲ ಒಂದೊಂದು ಕವಡೆ. ಒಳಗಿನ ಮೂಲೆಯಿಂದ ಬಾಗಿಲವರೆಗೆ ಸಣ್ಣ ಹೊಲಿಗೆಯ ದಾರಿ: ಅದರಂತೆ ಒರೆಸುತ್ತ ಬಂದರೆ ಒದ್ದೆ ನೆಲ ತುಳಿಯುವ ಪ್ರಸಂಗವೇ ಇಲ್ಲ. ಆರು ಹೆಂಗಸರು, ಒಬ್ಬೊಬ್ಬರ ಪಾಲಿಗೂ ಒಂದೊಂದು ಗೆರೆ. ಬಾಗಿಲ ಬಳಿ ಎರಡು ಗಂಟು. ಹಸಿರು ತನ್ನದು, ಕೆಂಪು ಸುಮಂಗಲಾಳದು.

ಇಬ್ಬರೂ ತಾವಿದ್ದ ಓಣಿಯ ಕೊನೆಯ ಹುಲಿಗೆಮ್ಮನ ಗುಡಿಯಲ್ಲಿ ಅರಿವೆಯನ್ನು ತಾಯಿಯ ಮುಂದೆ ಹಾಸಿದರು. ಗುತ್ತಿಗೆ ಹಿಡಿಯುವ ತಮ್ಮ ಕಂಪನಿಗೆ ತಾಯಿಯದೇ ಹೆಸರು. ದವನದ ಹುಣ್ಣಿಮೆಯ ದಿನ ಮೊದಲ ಕಸ ಅವಳ ಅಂಗಳದ್ದು, ಆಮೇಲೆ ಆಫೀಸಿನದು ಎಂದು ಹರಕೆ ಹೊತ್ತರು.

ಆಫೀಸಿನ ಮ್ಯಾನೇಜರ್ ಜ್ಯೋತ್ಸ್ನಾ ಬಾಯಿ ಇದೆಲ್ಲ ಕಾಗದದ ಮೇಲೆ ಬೇಕು ಎಂದರು. ಬರೆದು ತರುತ್ತೇನೆಂದು ಸುಮಂಗಲಾ ಅರಿವೆ ಒಯ್ದಳು.

"ಎರಡು ದಿನ ಅಕ್ಕ. ಬರಕೊಂಡು ಕೊಡ್ತೀನಿ."

ಹುಣ್ಣಿಮೆಯ ದಿನ ಮಾನಮ್ಮ ಕಸಬರಿಗೆ ಹಿಡಿದು ಗುಡಿಯಂಗಳದಲ್ಲಿ ಬಿಸಿಲೇರುವವರೆಗೆ ಕಾದಳು. ಆಮೇಲೆ ಒಬ್ಬಳೇ ಗುಡಿಸಿದಳು.

ಮರುದಿನ ಆಫೀಸಿನಲ್ಲಿ ನೀಲಿ ಅಂಗಿಯ ಐವರು ಹೆಂಗಸರು ನೆಲ ಒರೆಸುತ್ತಿದ್ದರು, ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ. ಜೇಬಿನ ಮೇಲೆ ತಾಯಿಯ ಹೆಸರಿತ್ತು. ಅದನ್ನು ಓದಿ ಹೇಳಿದವಳು ಸುಮಂಗಲಾಳೇ.

"ಫಾರ್ಮಿನ್ಯಾಗ ಮಾಲಕರ ಹೆಸರಿಗೆ ಒಂದಽ ಜಾಗ ಇತ್ತಕ್ಕ. ಸಹಿ ಮಾಡಾಕ ಬರೋರ ಹೆಸರು ಹಾಕ್ರಿ ಅಂದ್ರು. ನಿನಗೂ ಒಂದು ಅಂಗಿ ತಗದಿಟ್ಟೀನಿ."

ಮಾನಮ್ಮ ಅಂಗಿಯನ್ನು ತಿರುವಿ ನೋಡಿದಳು. "ಹೊಲಿಗಿ ಚಂದ ಅದ" ಎಂದು ಮಡಚಿ ಅವಳ ಕೈಗೇ ಇಟ್ಟಳು. "ನಮ್ಮಪ್ಪನ ಅರಬಿ ಕೊಡವಾ. ಅಷ್ಟ ಸಾಕು."

ಅರಿವೆ ಸಾಮಾನು ಇಡುವ ಕೋಣೆಯ ಗೋಡೆಗೆ ಮೊಳೆ ಹೊಡೆದು ತೂಗಿತ್ತು. ಹೊಸಬರಿಗೆ ಕೆಲಸ ಕಲಿಸುವುದು ಅದರ ಮೇಲೆ ಬೆರಳಿಟ್ಟೇ. ನಾಳೆ ಕೊಡುತ್ತೇನೆ ಎಂದಳು ಸುಮಂಗಲಾ.

ಮಾನಮ್ಮ ಬೇರೆ ಕಡೆ ಪಾತ್ರೆ ತಿಕ್ಕಲು ಹೋದಳು. ಜಗಳ ತೆಗೆಯಲಿಲ್ಲ, ಯಾರ ಮುಂದೆಯೂ ಬೈಯಲಿಲ್ಲ. ಮಂಗಳವಾರ ಗುಡಿಯಂಗಳ ಗುಡಿಸಿ, ನೆಟ್ಟಗೆ ಸುಮಂಗಲಾಳ ಬಾಗಿಲಿಗೆ ಹೋಗಿ ಅರಿವೆಯ ಅದೊಂದೇ ಮಾತು ಕೇಳಿ ಬರುತ್ತಿದ್ದಳು.

*

ಹನ್ನೊಂದೂವರೆಗೆ ಮಂಜು ಪೂರ್ತಿ ಕರಗಿತ್ತು. ಸ್ನಾನ ಮಾಡಿಸಿ, ಅರಿಶಿನ ಹಚ್ಚಿ, ಮಾನಮ್ಮನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಓಣಿಯ ತುದಿಯಲ್ಲಿ ಸುಮಂಗಲಾ ಕಾಣಿಸಿಕೊಂಡಳು. ಕೆಲಸದಿಂದಲೇ ಬಂದಿದ್ದಳು, ಸೀರೆಯ ಮೇಲೆ ಆ ನೀಲಿ ಅಂಗಿ. ಕಂಕುಳಲ್ಲಿ ಒಂದು ಗಂಟು.

"ಬಾ ಮಾಲಕೀಣಿ" ಎಂದಳು ರುಕ್ಮಿಣಮ್ಮ. "ನೋಡಿ ಕಾಲಿಡವಾ. ಇಲ್ಲಿ ನೆಲ ಒರಸಿಲ್ಲ."

ಸುಮಂಗಲಾ ದೂರದಲ್ಲೇ ಚಪ್ಪಲಿ ಬಿಟ್ಟು ಬಂದಳು. ಹುಲಿಗೆಪ್ಪ ಬಾಗಿಲಿಗೆ ಅಡ್ಡ ನಿಂತ.

"ಎಷ್ಟು ಮಂಗಳವಾರ ಬಂದಿದ್ಳು, ಗೊತ್ತದ ಏನು ನಿನಗ?"

"ಮೂವತ್ತೆಂಟು" ಎಂದಳು ಅವಳು.

ಹುಲಿಗೆಪ್ಪನ ಕೈ ಚೌಕಟ್ಟಿನಿಂದ ಕೆಳಗಿಳಿಯಿತು. ಅವಳು ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತು, ಗಂಟು ಬಿಚ್ಚಿ, ಮಡಚಿದ ಅರಿವೆಯನ್ನು ಎರಡೂ ಕೈಯಿಂದ ಅವನ ಮುಂದೆ ಹಿಡಿದಳು. ನಾಲ್ಕು ಮೂಲೆಯಲ್ಲೂ ಮೊಳೆಯ ತೂತು, ಸುತ್ತ ತುಕ್ಕಿನ ಕಲೆ.

ರುಕ್ಮಿಣಮ್ಮ ಅಂಚು ಹಿಡಿದು ನೋಡಿದಳು. "ಇದು ಅವರಪ್ಪನ ಧೋತರ ಅಲ್ಲೇನು?" ಎಂದವಳು ಹುಲಿಗೆಪ್ಪನ ಕಡೆ ತಿರುಗಿದಳು. "ತವರು ಬಂತು ಬಿಡಪಾ. ಯಾರ ಕೈನೂ ಬೇಕಾಗಿಲ್ಲ."

ಅರಿಶಿನದ ಬೊಟ್ಟು ಮೂಲೆಗಳಿಗೆ ತಾಗಿತು. ಹುಲಿಗೆಪ್ಪ ತಾನೇ ಹೊದಿಸಿದ. ನೀಲಿ ಮೇಜುಗಳು ಅವಳ ಹೆಗಲ ಮೇಲೆ ಸಾಲಾದವು, ಕವಡೆಗಳು ತೋಳಿಗೆ ಇಳಿದವು. ಒಳಗಿನ ಮೂಲೆಯಿಂದ ಹೊರಟ ಸಣ್ಣ ಹೊಲಿಗೆಯ ದಾರಿ ಎದೆ ದಾಟಿ ಮಡಿಲಿಗೆ ಬಂದು, ಬಾಗಿಲಲ್ಲಿ ನಿಂತಿತು.

ಅಲ್ಲಿ ಹಸಿರು ಗಂಟು ಒಂದೇ ಇತ್ತು. ಅದರ ಪಕ್ಕದಲ್ಲಿ ಆಗಷ್ಟೇ ಬಿಚ್ಚಿದ ಹೊಲಿಗೆಯ ತೂತುಗಳು. ಒಂದರಲ್ಲಿ ಕೆಂಪು ದಾರದ ಎಳೆ ಇನ್ನೂ ಸಿಕ್ಕಿಕೊಂಡಿತ್ತು.